ಮರಳಿ ಬರುವ ವರ್ಷಕ್ಕೂ ಅಲ್ಲೇ ದುಡಿದಿಡಿ

ವಿದೇಶದಲ್ಲಿ ಸಂದರ್ಶಕ ಉಪನ್ಯಾಸಕರಾಗಿ ಹೋಗಲು ಹೊರಟ ಕಿರಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮೇಡಂ, ತಿಂಗಳಿಗೆ ಎಷ್ಟು ಉಳಿತೈತ್ರಿ?’ ಕೇಳಬೇಕಾದ ಪ್ರಶ್ನೆಯೇ. ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಿ ಎನ್ನುತ್ತೇನೆ: ವಾಪಸು ಬಂದು ಇಲ್ಲಿ ಮತ್ತೆ ಕೆಲಸ ಹಿಡಿಯುವವರೆಗೆ ಮನೆ ನಡೆಯುವುದು ಹೇಗೆ? ಹೊರದೇಶದ ಸಂಬಳ ಅಲ್ಲಿ ಪಾಠ ಮಾಡಿದ ತಿಂಗಳುಗಳಿಗಷ್ಟೇ ಸೇರಿದ್ದಲ್ಲ. ಊರಿನಲ್ಲಿ ಮತ್ತೆ ಕಾಲೂರುವ ತಿಂಗಳುಗಳಿಗೂ ಅದೇ ಸಂಬಳ.

ದಾವಣಗೆರೆಯಲ್ಲಿ ಕಾಲೇಜುಗಳಿಗೆ ಬರವಿಲ್ಲ. 1951ರ ಯುಬಿಡಿಟಿ, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳು, 2009ರಲ್ಲಿ ಬಂದ ವಿಶ್ವವಿದ್ಯಾಲಯ, ಇವುಗಳ ಸುತ್ತ ಹತ್ತಾರು ಪದವಿ ಕಾಲೇಜುಗಳು. ಕಾಯಂ ಹುದ್ದೆಗಳು ಮಾತ್ರ ಕಡಿಮೆ. ಇಥಿಯೋಪಿಯಾ ಒಂದರ ಮೇಲೊಂದು ಸರ್ಕಾರಿ ವಿಶ್ವವಿದ್ಯಾಲಯ ತೆರೆಯುತ್ತ ಹೋದ ಕಾಲದಲ್ಲಿ ಭಾರತದಿಂದ ಬಹಳ ಮಂದಿ ಉಪನ್ಯಾಸಕರು ಅಲ್ಲಿಗೆ ಹೋದರು. 2016ರಲ್ಲಿ ನಾನೂ ಹರಿಹರದ ಮನೆ, ದಾವಣಗೆರೆಯ ಕೆಲಸ ಎರಡನ್ನೂ ಬಿಟ್ಟು ಅರ್ಥಶಾಸ್ತ್ರ ಕಲಿಸಲು ಹೊರಟೆ.

ಒಪ್ಪಂದದಲ್ಲಿ ಸಂಬಳದ ಅಂಕಿಗಿಂತ ಮೊದಲು ನೋಡಬೇಕಾದದ್ದು ಅದು ಯಾವ ಹಣದಲ್ಲಿ ಬರುತ್ತದೆ, ಅದರಲ್ಲಿ ಎಷ್ಟನ್ನು ಡಾಲರ್ ಮಾಡಿ ಊರಿಗೆ ಕಳಿಸಲು ಬಿಡುತ್ತಾರೆ ಎನ್ನುವುದು. 2017ರ ಅಕ್ಟೋಬರ್‌ನಲ್ಲಿ ಇಥಿಯೋಪಿಯಾ ತನ್ನ ಕರೆನ್ಸಿ ಬಿರ್‌ನ ಮೌಲ್ಯವನ್ನು ಶೇ 15ರಷ್ಟು ಇಳಿಸಿತು. ಅಲ್ಲಿಯವರೆಗೆ ಹತ್ತಿರಹತ್ತಿರ ₹28,000 ಆಗುತ್ತಿದ್ದ 10,000 ಬಿರ್ ಒಮ್ಮೆಗೇ ₹24,000ದ ಆಸುಪಾಸಿಗೆ ಬಂತು. ಪಾಠ ಅಷ್ಟೇ, ಸಂಬಳದ ಚೀಟಿಯ ಅಂಕಿಯೂ ಅಷ್ಟೇ. ಹರಿಹರದ ಮನೆ ಸಾಲದ ಕಂತಿಗೆ ಮಾತ್ರ ಕೊರತೆ. 2024ರ ಜುಲೈನಲ್ಲಿ ಬಿರ್ ಅನ್ನು ಮಾರುಕಟ್ಟೆಗೆ ಬಿಟ್ಟಾಗ ಪೆಟ್ಟು ಇನ್ನೂ ದೊಡ್ಡದಾಯಿತು: ಡಾಲರ್‌ಗೆ 57ರಷ್ಟಿದ್ದದ್ದು ವರ್ಷಾಂತ್ಯಕ್ಕೆ 120 ದಾಟಿತ್ತು. ಆದ್ದರಿಂದ ಉಳಿದ ಹಣವನ್ನು ಅಲ್ಲಿ ಕೂಡಿಡಬೇಡಿ. ಕಳಿಸಲು ಅವಕಾಶವಿರುವಷ್ಟನ್ನು ತಿಂಗಳು ತಿಂಗಳು ಊರಿಗೆ ಕಳಿಸಿಬಿಡಿ.

ಹೊರಡುವ ತಾರೀಕಿಗೂ ಬೆಲೆ ಇದೆ. ನೌಕರಿಗಾಗಿ ದೇಶ ಬಿಡುವ ಭಾರತೀಯ ಪ್ರಜೆ ಆ ಹಣಕಾಸು ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ತೆರಿಗೆಯ ಲೆಕ್ಕದಲ್ಲಿ ಅನಿವಾಸಿ. ಅಂದರೆ ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದವರು ಆ ವರ್ಷ ಅಲ್ಲಿ ದುಡಿದದ್ದಕ್ಕೆ ಇಲ್ಲಿ ತೆರಿಗೆ ಕಟ್ಟಬೇಕಿಲ್ಲ; ನವೆಂಬರ್‌ನಲ್ಲಿ ಹೋದವರು ಅದನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಸಂಬಳ ಮೊದಲು ಅಲ್ಲಿನ ಖಾತೆಗೇ ಬೀಳಲಿ, ಆಮೇಲೆ ಇಲ್ಲಿಗೆ ಬರಲಿ. ನೇರವಾಗಿ ಇಲ್ಲಿನ ಖಾತೆಗೇ ಬಂದ ಸಂಬಳಕ್ಕೆ ಅನಿವಾಸಿಯೂ ತೆರಿಗೆ ಕಟ್ಟಬೇಕಾಗುತ್ತದೆ. ಹೊರಡುವಾಗ ಇರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಿ, ವಿದೇಶದ ದುಡಿಮೆಗೆ ಬೇರೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯಲ್ಲಿ ಶೇ 30 ಟಿಡಿಎಸ್ ಮುರಿಯುತ್ತಾರೆ. ಮೊದಲೇ ಇದ್ದ ಪಿಪಿಎಫ್ ಖಾತೆಗೆ ಅವಧಿ ಮುಗಿಯುವವರೆಗೆ ಹಣ ಕಟ್ಟುತ್ತ ಹೋಗಬಹುದು, ಹೊಸದನ್ನು ತೆರೆಯುವಂತಿಲ್ಲ. ಖಾಯಂ ಆಗಿ ಮರಳಿದ ಕೂಡಲೇ ಬ್ಯಾಂಕಿಗೆ ತಿಳಿಸಬೇಕು. ಮರಳಿದ ವರ್ಷದಲ್ಲಿ ಅಲ್ಲಿ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಬಂದರೆ ಭಾರತ–ಇಥಿಯೋಪಿಯಾ ತೆರಿಗೆ ಒಪ್ಪಂದದ ನೆರವಿದೆ. ಅದಕ್ಕೆ ಅಲ್ಲಿ ತೆರಿಗೆ ಕಟ್ಟಿದ ಪ್ರಮಾಣಪತ್ರ ಕೈಯಲ್ಲಿರಬೇಕು.

ಇನ್ನು ಮರಳುವ ಮಾತು. ನಾನು ಬಂದದ್ದು 2019ರಲ್ಲಿ. ಆಗ ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ತಿಂಗಳಿಗೆ ₹11,000ದಿಂದ ₹13,000 ಗೌರವಧನ. 2022ರ ಜನವರಿಯಲ್ಲಿ ಸರ್ಕಾರ ಅದನ್ನು ಅರ್ಹತೆ, ಅನುಭವ ನೋಡಿ ₹26,000ದಿಂದ ₹32,000ಕ್ಕೆ ಏರಿಸಿತು. ಅಷ್ಟರೊಳಗೆ 2020ರ ಮಾರ್ಚ್ ಬಂದು ಕಾಲೇಜುಗಳೇ ಮುಚ್ಚಿದ್ದವು. ನಮ್ಮ ಮನೆಯನ್ನು ಕಾಪಾಡಿದ್ದು ಎನ್‌ಆರ್‌ಇ ಖಾತೆಯಲ್ಲಿ ಬೇರೆಯೇ ತೆಗೆದಿಟ್ಟಿದ್ದ ಒಂದು ವರ್ಷದ ಮನೆಖರ್ಚು. ಅದನ್ನು ಒಂದೇ ಠೇವಣಿ ಮಾಡದೆ, ಮೂರು ತಿಂಗಳಿಗೊಂದು ಕೈಗೆ ಬರುವಂತೆ ಸಣ್ಣ ಸಣ್ಣ ಠೇವಣಿಗಳಾಗಿ ಇಟ್ಟಿದ್ದೆ. ಆ ಹಣವಿದ್ದುದರಿಂದಲೇ ಸಿಕ್ಕ ಕೆಲಸಕ್ಕೆಲ್ಲ ತಲೆಯಾಡಿಸದೆ ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆ–ಸೆಟ್‌ಗೆ ಓದಲು ಕೂತೆ, ಪಾಸಾದೆ, ದಾವಣಗೆರೆಯಲ್ಲೇ ಮತ್ತೆ ಪೂರ್ಣಾವಧಿ ಕೆಲಸಕ್ಕೆ ಸೇರಿದೆ. ಸಂಬಳ ನಿಂತ ತಿಂಗಳೆಂದರೇನು ಎಂದು ಹರಿಹರಕ್ಕೆ ಹೇಳಿಕೊಡಬೇಕಿಲ್ಲ. 1941ರಲ್ಲಿ ಆರಂಭವಾಗಿ ದೇಶಕ್ಕೆಲ್ಲ ಲೇಥ್ ಯಂತ್ರ ಕೊಟ್ಟ ಮೈಸೂರು ಕಿರ್ಲೋಸ್ಕರ್ ಮುಚ್ಚಿದ ದಿನಗಳನ್ನು ಕಂಡ ಊರು ಇದು. ಕೈಯಲ್ಲಿ ಒಂದಿಷ್ಟು ಇದ್ದವರು ತಮ್ಮ ಕಸುಬಿನ ಕೆಲಸಕ್ಕೆ ಕಾಯಬಲ್ಲರು; ಇಲ್ಲದವರಿಗೆ ಕಾಯುವ ಶಕ್ತಿಯೇ ಇರುವುದಿಲ್ಲ.

ಹಣದಷ್ಟೇ ಜೋಪಾನವಾಗಿ ತರಬೇಕಾದದ್ದು ಕಾಗದಪತ್ರ. ಯುಜಿಸಿಯ 2018ರ ನಿಯಮಾವಳಿಯಲ್ಲಿ ನೇಮಕ, ಬಡ್ತಿಗಳಿಗೆ ಹೊರದೇಶದ ಹಿಂದಿನ ಸೇವೆಯನ್ನೂ ಎಣಿಸಲು ದಾರಿ ಇದೆ. ಆದರೆ ವಿದ್ಯಾರ್ಹತೆ ಯುಜಿಸಿ ಹೇಳಿದ ಮಟ್ಟದ್ದಿರಬೇಕು, ಹುದ್ದೆ ಸಮಾನ ದರ್ಜೆಯದಾಗಿರಬೇಕು, ಆಯ್ಕೆ ಕ್ರಮಬದ್ಧವಾಗಿ ನಡೆದಿರಬೇಕು, ಸಂಬಳ ಕಾಯಂ ನೌಕರರ ಸಂಬಳಕ್ಕೆ ಕಡಿಮೆ ಇರಬಾರದು. ಹೀಗಾಗಿ ನೇಮಕಾತಿ ಆದೇಶ, ಸಂಬಳದ ಚೀಟಿಗಳು, ಹುದ್ದೆಯ ಹೆಸರು ಮತ್ತು ತಾರೀಕು ಸ್ಪಷ್ಟವಾಗಿರುವ ಸೇವಾ ಪ್ರಮಾಣಪತ್ರ, ಇಷ್ಟನ್ನೂ ಅಲ್ಲಿಂದ ಹೊರಡುವ ಮೊದಲೇ ಸಹಿ, ಮೊಹರು ಹಾಕಿಸಿಕೊಳ್ಳಿ. ಬಂದ ಮೇಲೆ ಇಲ್ಲಿ ಕೂತು ತರಿಸಿಕೊಳ್ಳುವುದು ಸುಲಭವಲ್ಲ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಮನೆಯವರ ಜೊತೆ ಕೂತು ಊರಿನ ಹನ್ನೆರಡು ತಿಂಗಳ ಖರ್ಚು ಬರೆಯಿರಿ: ಸಾಲದ ಕಂತು, ಮಕ್ಕಳ ಫೀಸು, ಹಿರಿಯರ ಔಷಧಿ, ಆರೋಗ್ಯ ವಿಮೆ, ಎಲ್ಲ ಸೇರಿಸಿ. ವಿದೇಶದ ಹಣ ಇನ್ನೂ ಶೇ 15 ಇಳಿದರೂ ಆ ಮೊತ್ತ ಒಪ್ಪಂದದ ಅವಧಿಯಲ್ಲಿ ಉಳಿಯುತ್ತದೆ ಎಂದಾದರೆ ಧೈರ್ಯವಾಗಿ ಹೊರಡಿ. ಉಳಿಯುವುದಿಲ್ಲವೆಂದರೆ ಸಂಬಳ ಹೆಚ್ಚಿಸಲು ಕೇಳಿ. ಕೊಡದಿದ್ದರೆ ಆ ಹುದ್ದೆ ನಿಮಗಲ್ಲ.