ವೋಚರ್ ಇಲ್ಲದೆ ಎಂಟ್ರಿ ಇಲ್ಲ: ಸಂದರ್ಶನದಲ್ಲಿ ನಮ್ಮ ಬಲ ತೋರಿಸುವುದು ಹೇಗೆ?

ಕಾಮರ್ಸ್ ವಿದ್ಯಾರ್ಥಿಗಳಿಗೆ ಬಿಸಿನೆಸ್ ಸ್ಟಡೀಸ್ ಪುಸ್ತಕದ ‘ಸ್ಟಾಫಿಂಗ್’ ಅಧ್ಯಾಯ ನೆನಪಿರುತ್ತದೆ. ಆಯ್ಕೆಯ ಎಂಟು ಹಂತಗಳನ್ನು ನಾವು ಉರು ಹೊಡೆಯುತ್ತೇವೆ: ಪ್ರಾಥಮಿಕ ಪರಿಶೀಲನೆ, ಆಯ್ಕೆ ಪರೀಕ್ಷೆ, ಸಂದರ್ಶನ, ಹಿನ್ನೆಲೆ ವಿಚಾರಣೆ, ಆಯ್ಕೆಯ ನಿರ್ಧಾರ, ವೈದ್ಯಕೀಯ ಪರೀಕ್ಷೆ, ಕೆಲಸದ ಆಹ್ವಾನ, ಉದ್ಯೋಗದ ಕರಾರು. ಆದರೆ ಪುಸ್ತಕ ಇದನ್ನೆಲ್ಲ ಕೆಲಸ ಕೊಡುವವರ ಕುರ್ಚಿಯಲ್ಲಿ ಕುಳಿತು ಹೇಳುತ್ತದೆ. ಮೇಜಿನ ಈಚೆ ಕುಳಿತಿರುವವರು ಏನು ಮಾಡಬೇಕು ಎಂಬುದನ್ನು ನಾವೇ ಯೋಚಿಸಬೇಕು.

ಯೋಚಿಸಲೇಬೇಕಾದ ಕಾರಣವೂ ಇದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ಕೂಡಲೇ ನಮ್ಮಲ್ಲಿ ಹಲವರು ಕೆಲಸ ಹುಡುಕಲು ಹೊರಡುತ್ತಾರೆ. ಹೋಲ್‌ಸೇಲ್ ಅಂಗಡಿಯ ಲೆಕ್ಕ, ಆಡಿಟರ್ ಆಫೀಸು, ಶೋರೂಮಿನ ಬಿಲ್ಲಿಂಗ್ ಕೌಂಟರ್ ಹೀಗೆ. ಕೆಲವರಿಗೆ ಡಿಗ್ರಿಯ ಫೀಸು ಕೂಡಿಸಬೇಕಾಗಿರುತ್ತದೆ, ಕೆಲವರಿಗೆ ಮನೆ ಖರ್ಚಿಗೆ ನೆರವಾಗಬೇಕಾಗಿರುತ್ತದೆ. ಅಲ್ಲಿ “ಅನುಭವ ಇದೆಯಾ?” ಎಂದು ಕೇಳಿದರೆ “ಇಲ್ಲ ಸರ್” ಎಂದು ಹೇಳಿ ಸುಮ್ಮನಾಗುತ್ತೇವೆ. ಬಹಳ ಸಲ ಆ ಉತ್ತರ ನಿಜವೂ ಆಗಿರುವುದಿಲ್ಲ.

1. ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲೇ ಇದೆ

ಸಣ್ಣ ಸಂಸ್ಥೆಯ ಮಾಲೀಕರಿಗೆ ನಮ್ಮ ಜೊತೆ ಮಾತನಾಡಲು ಸಿಗುವುದು ಹತ್ತು ನಿಮಿಷ. ನಮ್ಮನ್ನು ಅವರು ಮೊದಲು ನೋಡಿರುವುದಿಲ್ಲ. ಅವರ ಮುಂದೆ ಇರುವುದು ನಮ್ಮ ಬಯೋಡೇಟಾದ ಒಂದು ಹಾಳೆ ಮಾತ್ರ. ಆದ್ದರಿಂದ ಪ್ರಶ್ನೆಗಳು ಅದರಿಂದಲೇ ಹುಟ್ಟುತ್ತವೆ. ‘ಹವ್ಯಾಸ: ಕ್ರಿಕೆಟ್, ಹಾಡು ಕೇಳುವುದು’ ಎಂದು ಬರೆದರೆ ಅವರು ಕ್ರಿಕೆಟ್ ಬಗ್ಗೆ ಕೇಳುತ್ತಾರೆ. ‘ಚಿಕ್ಕಪ್ಪನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಎರಡು ವರ್ಷ ಬರೆದಿದ್ದೇನೆ’ ಎಂದು ಬರೆದರೆ ಉದ್ರಿ ಪುಸ್ತಕದ ಬಗ್ಗೆ ಕೇಳುತ್ತಾರೆ. ಬೇರೆ ಯಾವ ಪರೀಕ್ಷೆಯಲ್ಲಿ ನಮಗೆ ಹೀಗೆ ಪ್ರಶ್ನೆ ಹಾಕಿಸಿಕೊಳ್ಳುವ ಅವಕಾಶ ಇದೆ?

ಮನೆಯಲ್ಲಿ ಮಾಡಿದ ಕೆಲಸವನ್ನು ನಾವು ಅನುಭವ ಎಂದು ಲೆಕ್ಕ ಹಾಕುವುದಿಲ್ಲ. ರಂಜಾನ್ ತಿಂಗಳಲ್ಲಿ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕುಳಿತದ್ದು, ಅಮ್ಮಿಯ ಹೊಲಿಗೆ ಕೆಲಸದ ಆರ್ಡರ್ ಮತ್ತು ಅಡ್ವಾನ್ಸ್ ಬರೆದಿಟ್ಟದ್ದು, ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟದ್ದು, ಕಾಲೇಜು ಕಾರ್ಯಕ್ರಮದ ಹಣ ಸಂಗ್ರಹಿಸಿ ಲೆಕ್ಕ ಒಪ್ಪಿಸಿದ್ದು, ಇವೆಲ್ಲ ಅನುಭವವೇ. ಸಂಬಳ ಸಿಕ್ಕಿರಲಿಲ್ಲ, ಅಷ್ಟೇ.

2. ಉತ್ತರ, ಪುರಾವೆ, ಕೊಂಡಿ

ವೋಚರ್ ಇಲ್ಲದೆ ಎಂಟ್ರಿ ಮಾಡಬಾರದು ಎಂಬುದು ಅಕೌಂಟೆನ್ಸಿಯ ಮೊದಲ ಪಾಠ. ಸಂದರ್ಶನಕ್ಕೂ ಅದೇ ನಿಯಮ. “ನಾನು ಶ್ರಮಜೀವಿ, ಪ್ರಾಮಾಣಿಕ” ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ವೋಚರ್ ಬೇಕು, ಅಂದರೆ ನಡೆದ ಒಂದು ಕೆಲಸ ಬೇಕು.

ಒಳ್ಳೆಯ ಉತ್ತರದಲ್ಲಿ ಮೂರು ಭಾಗಗಳಿರುತ್ತವೆ. ಮೊದಲು ಕೇಳಿದ್ದಕ್ಕೆ ನೇರ ಉತ್ತರ. ನಂತರ ಒಂದು ಪುರಾವೆ. ಕೊನೆಯಲ್ಲಿ ಮುಂದಿನ ಪ್ರಶ್ನೆಗೆ ಒಂದು ಕೊಂಡಿ. ಈ ಕೊಂಡಿಯೇ ಮಾತನ್ನು ನಮ್ಮ ಬಲದ ಕಡೆಗೆ ತಿರುಗಿಸುತ್ತದೆ. ಹೋಲ್‌ಸೇಲ್ ಅಂಗಡಿಯ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಹೋದ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ.

ಮಾಲೀಕರು: ಟ್ಯಾಲಿ ಬರುತ್ತೇನಪ್ಪಾ?

ವಿದ್ಯಾರ್ಥಿ: ಟ್ಯಾಲಿಯಲ್ಲಿ ಇನ್ನೂ ಕೆಲಸ ಮಾಡಿಲ್ಲ ಸರ್. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಕೈಯಲ್ಲಿ ಮಾಡುತ್ತೇನೆ. ಚಿಕ್ಕಪ್ಪನ ಅಂಗಡಿಯಲ್ಲಿ ಸುಮಾರು 40 ಗಿರಾಕಿಗಳ ಉದ್ರಿ ಲೆಕ್ಕ ಬರೆದು ತಿಂಗಳ ಕೊನೆಗೆ ತಾಳೆ ನೋಡುತ್ತಿದ್ದೆ.

ಮಾಲೀಕರು: ತಾಳೆ ಆಗದಿದ್ದರೆ ಏನು ಮಾಡ್ತಿದ್ದೆ?

ವಿದ್ಯಾರ್ಥಿ: ಮೊದಲು ಕೂಡಿದ್ದು ಸರಿಯಾಗಿದೆಯೇ ನೋಡುತ್ತೇನೆ. ಆಮೇಲೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ನೋಡುತ್ತೇನೆ. ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90 ಬರುತ್ತದೆ. ಅದೂ ಅಲ್ಲದಿದ್ದರೆ ವ್ಯತ್ಯಾಸದ ಅರ್ಧ ಮೊತ್ತವನ್ನು ಹುಡುಕುತ್ತೇನೆ. ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಬದಿಗೆ ಹೋಗಿದ್ದರೆ ವ್ಯತ್ಯಾಸ ಎರಡು ಪಟ್ಟು ಬರುತ್ತದೆ ಸರ್.

ಇಲ್ಲಿ ಏನಾಯಿತು ನೋಡಿ. ಪ್ರಶ್ನೆ ಬಂದದ್ದು ಅವನಿಗೆ ಬಾರದ ವಿಷಯದ ಮೇಲೆ. ಅವನು ಅದನ್ನು ಮುಚ್ಚಿಡಲಿಲ್ಲ. ಬಾರದ್ದನ್ನು ಒಂದೇ ವಾಕ್ಯದಲ್ಲಿ ಒಪ್ಪಿಕೊಂಡ, ಬರುವುದನ್ನು ಪುರಾವೆಯೊಂದಿಗೆ ಹೇಳಿದ, ‘ತಾಳೆ ನೋಡುತ್ತಿದ್ದೆ’ ಎಂಬ ಕೊಂಡಿ ಬಿಟ್ಟ. ಮಾಲೀಕರು ತಾವಾಗಿಯೇ ಅದನ್ನು ಹಿಡಿದರು. “ಟ್ಯಾಲಿ ಬರುತ್ತೆ” ಎಂದು ಸುಳ್ಳು ಹೇಳಿದ್ದರೆ? ಕಂಪ್ಯೂಟರ್ ಪಕ್ಕದಲ್ಲೇ ಇರುತ್ತದೆ. “ಒಂದು ಪೇಮೆಂಟ್ ಎಂಟ್ರಿ ಮಾಡಿ ತೋರಿಸು” ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಹೇಳುವ ನಿಜವನ್ನೂ ಅವರು ನಂಬುವುದಿಲ್ಲ.

3. ಸೂರಃ ಯೂಸುಫ್‌ನಲ್ಲಿ ಒಂದು ಪಾಠ

ನಮ್ಮ ಬಲವನ್ನು ನಾವೇ ಹೇಳಿಕೊಂಡರೆ ಜಂಬವಾಗುವುದಿಲ್ಲವೇ ಎಂಬ ಸಂಕೋಚ ಹಲವರಿಗಿದೆ. ಕುರ್‌ಆನಿನ 12ನೇ ಅಧ್ಯಾಯವನ್ನು ಓದಿದರೆ ಇದಕ್ಕೆ ಉತ್ತರ ಸಿಗುತ್ತದೆ. ಪ್ರವಾದಿ ಯೂಸುಫ್ (ಅ) ಅವರು ಸೆರೆಮನೆಯಲ್ಲಿದ್ದಾಗ ರಾಜನ ಕನಸಿನ ಅರ್ಥ ಬಿಡಿಸಿದರು. ಏಳು ವರ್ಷ ಬೆಳೆ ಬರುತ್ತದೆ, ನಂತರ ಏಳು ವರ್ಷ ಕಷ್ಟ ಬರುತ್ತದೆ, ತಿನ್ನಲು ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ತೆನೆಯಲ್ಲೇ ಇಡಿ ಎಂದು ಯೋಜನೆಯನ್ನೂ ಕೊಟ್ಟರು. ರಾಜ ಕರೆಸಿದಾಗ ಕೂಡಲೇ ಹೊರಟುಬರಲಿಲ್ಲ. ತಮ್ಮ ಮೇಲಿನ ಆರೋಪದ ವಿಚಾರಣೆ ಮೊದಲು ಆಗಲಿ ಎಂದರು. ನಿರಪರಾಧಿ ಎಂದು ತಿಳಿದ ಮೇಲೆ ನಾಡಿನ ಭಂಡಾರಗಳ ಹೊಣೆಯನ್ನು ತಾವೇ ಕೇಳಿದರು.

55ನೇ ವಚನದಲ್ಲಿ ಅವರು ತಮ್ಮ ಬಗ್ಗೆ ಎರಡೇ ಗುಣ ಹೇಳುತ್ತಾರೆ. ಒಂದು, ಕಾಪಾಡುವವನು. ಇನ್ನೊಂದು, ತಿಳಿದವನು. ಅವರು ಪ್ರವಾದಿಗಳ ವಂಶದವರು, ಆದರೆ ಅಲ್ಲಿ ಅದನ್ನು ಹೇಳಲಿಲ್ಲ. ಭಂಡಾರದ ಕೆಲಸಕ್ಕೆ ಬೇಕಾದ ಗುಣಗಳನ್ನಷ್ಟೇ ಹೇಳಿದರು. ಎರಡಕ್ಕೂ ಪುರಾವೆ ರಾಜನ ಮುಂದೆ ಆಗಲೇ ಇತ್ತು. ಕೆಲಸಕ್ಕೆ ಬೇಕಾದ ಗುಣವನ್ನು, ಇರುವಷ್ಟೇ, ಹೇಳುವುದು ಜಂಬವಲ್ಲ. ಹೇಳದಿದ್ದರೆ ಎದುರಿನವರಿಗೆ ಗೊತ್ತಾಗುವುದಾದರೂ ಹೇಗೆ?

4. ಕಷ್ಟದ ಮೂರು ಪ್ರಶ್ನೆಗಳು

“ನಿನ್ನ ದೌರ್ಬಲ್ಯ ಏನು?” “ನಾನು ಅತಿಯಾಗಿ ಕೆಲಸ ಮಾಡುತ್ತೇನೆ” ಎಂಬ ಉತ್ತರ ಸವೆದುಹೋಗಿದೆ. ನಿಜವಾದ ಒಂದು ಕೊರತೆ ಹೇಳಿ, ಅದಕ್ಕೆ ಏನು ಮಾಡುತ್ತಿದ್ದೀರಿ ಎಂದೂ ಹೇಳಿ. “ಇಂಗ್ಲಿಷಿನಲ್ಲಿ ಪತ್ರ ಬರೆಯಲು ಸಮಯ ಹಿಡಿಯುತ್ತದೆ, ಆದ್ದರಿಂದ ವಾರಕ್ಕೆ ಎರಡು ಪತ್ರ ಬರೆದು ಲೆಕ್ಚರರ್ ಹತ್ತಿರ ತಿದ್ದಿಸುತ್ತಿದ್ದೇನೆ” ಎಂಬುದು ಒಳ್ಳೆಯ ಉತ್ತರ. ಆದರೆ ತಿದ್ದಿಸುತ್ತಿದ್ದರೆ ಮಾತ್ರ!

“ಕನ್ನಡ ಸರಿಯಾಗಿ ಬರುತ್ತಾ?” ಉರ್ದು ಮನೆಮಾತಿನವರು ಈ ಪ್ರಶ್ನೆಗೆ ಮುದುಡಿಕೊಳ್ಳುತ್ತೇವೆ. ಮುದುಡುವ ಅಗತ್ಯವಿಲ್ಲ. “ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ. ಅಂಗಡಿಯಲ್ಲಿ ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೆ ಆ ಭಾಷೆಯಲ್ಲೇ ಬಾಕಿ ಹೇಳುತ್ತಿದ್ದೆ” ಎಂದು ಕನ್ನಡದಲ್ಲೇ ಹೇಳಿದರೆ ಉತ್ತರವೂ ಅದೇ, ಪುರಾವೆಯೂ ಅದೇ. ‘ಳ’ ಉಚ್ಚಾರ ಸ್ವಲ್ಪ ಮೆತ್ತಗಾದರೂ ಬಾಕಿ ವಸೂಲಾಗುತ್ತದೆ.

“ಡಿಗ್ರಿ ಶುರುವಾದ ಮೇಲೆ ಬಿಟ್ಟುಹೋಗ್ತೀಯಾ?” ಇಲ್ಲಿ ಮಾತು ತಿರುಗಿಸಬಾರದು. ಮಾಲೀಕರಿಗೆ ಇದು ನಿಜವಾದ ಚಿಂತೆ. ಒಬ್ಬರಿಗೆ ಕೆಲಸ ಕಲಿಸಿದ ಮೇಲೆ ಮತ್ತೊಬ್ಬರನ್ನು ಹುಡುಕಬೇಕಾಗುತ್ತದೆ. “ಕಾಲೇಜು ಶುರುವಾಗುವವರೆಗೆ ಪೂರ್ತಿ ದಿನ ಬರುತ್ತೇನೆ, ಆಮೇಲೆ ಸಂಜೆ ಮಾತ್ರ” ಎಂದು ಇರುವುದನ್ನು ಹೇಳಿ. ಕೆಲಸ ಕೈತಪ್ಪಬಹುದು. ಆದರೆ ಇದನ್ನು ಬಚ್ಚಿಟ್ಟು ಪಡೆದ ಕೆಲಸದಲ್ಲಿ ಮೊದಲ ದಿನದಿಂದಲೇ ಒಂದು ಸುಳ್ಳು ಇರುತ್ತದೆ. ಕೆಲವರು ಒಪ್ಪುತ್ತಾರೆ ಕೂಡ, ಯಾಕೆಂದರೆ ದಿನದ ಲೆಕ್ಕ ಮುಗಿಸುವುದು ಸಂಜೆಯೇ.

ಕೊನೆಗೆ “ಏನಾದರೂ ಕೇಳುವುದಿದೆಯಾ?” ಎನ್ನುತ್ತಾರೆ. ಈಗ ಅಭ್ಯರ್ಥಿಯೂ ಮಾಹಿತಿ ಕೇಳುತ್ತಾನೆ ಎಂದು ನಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಕೆಲಸದ ವೇಳೆ, ಸಂಬಳದ ದಿನ, ಶುಕ್ರವಾರ ಜುಮಾ ನಮಾಜಿಗೆ ಬಿಡುವು, ಯಾರ ಕೈಕೆಳಗೆ ಕಲಿಯುತ್ತೇನೆ ಎಂಬುದನ್ನು ವಿನಯದಿಂದ ಕೇಳಬಹುದು.

ಮಾಡಿ ನೋಡಿ

ಒಂದು ಹಾಳೆಯಲ್ಲಿ ಟಿ ಆಕಾರದ ಖಾತೆ ಎಳೆಯಿರಿ. ಎಡಕ್ಕೆ ನಿಮ್ಮ ಮೂರು ಬಲಗಳನ್ನು ಬರೆಯಿರಿ. ಬಲಕ್ಕೆ ಪ್ರತಿಯೊಂದರ ವೋಚರ್: ಎಲ್ಲಿ, ಯಾವಾಗ, ಏನು ಮಾಡಿದಿರಿ, ಏನಾಯಿತು. ವೋಚರ್ ಸಿಗದ ಬಲವನ್ನು ಈಗ ಹೊಡೆದುಹಾಕಿ, ಪರೀಕ್ಷೆಯವರೆಗೆ ಸಮಯವಿದೆ, ಅಷ್ಟರಲ್ಲಿ ಅದನ್ನು ಸಂಪಾದಿಸಬಹುದು. ಆಮೇಲೆ ಫ್ರೀ ಪೀರಿಯಡ್‌ನಲ್ಲಿ ಒಬ್ಬರು ಮಾಲೀಕರಾಗಿ, ಒಬ್ಬರು ಅಭ್ಯರ್ಥಿಯಾಗಿ ಹತ್ತು ನಿಮಿಷ ಕುಳಿತುಕೊಳ್ಳಿ. ಮಾಲೀಕರಾದವರು ಸುಲಭದ ಪ್ರಶ್ನೆ ಕೇಳಿ ಬಿಟ್ಟುಬಿಡಬೇಡಿ. ಪ್ರತಿ ಉತ್ತರಕ್ಕೂ “ಹೇಗೆ?” ಎಂದು ಇನ್ನೊಮ್ಮೆ ಕೇಳಿ. ನಂತರ ಕುರ್ಚಿ ಬದಲಿಸಿಕೊಳ್ಳಿ.