ಹನ್ನೊಂದು ವರ್ಷದ ಗಾಡಿಗೆ ಮೂರು ಸಾವಿರ

ಸ್ಪ್ಲೆಂಡರಿನ ಹಿಂದಿನ ಜೋಡಿ ಶಾಕಪ್‌ಗೆ 2,260 ರೂಪಾಯಿ. ಮುಂದಿನ ಫೋರ್ಕಿನ ಸೀಲು, ಆಯಿಲ್ಲು, ಮಿಸ್ತ್ರಿಯ ಮಜೂರಿ ಸೇರಿ 740. ಅಲ್ಲಿಗೆ ಮೂರು ಸಾವಿರ. ಗಾಡಿ 2015ರದು. ಕಾರಟಗಿಯಲ್ಲಿ ಅದನ್ನು ಹದಿನೆಂಟು ಸಾವಿರಕ್ಕಿಂತ ಮೇಲೆ ಯಾರೂ ಕೇಳುವುದಿಲ್ಲ. ಗಾಡಿಯ ಬೆಲೆಯಲ್ಲಿ ಆರನೇ ಒಂದು ಪಾಲನ್ನು ಶಾಕಪ್‌ಗೇ ಸುರಿಯುವುದೇ ಎಂದು ಮನೆಯಲ್ಲಿ ಗದ್ದಲ. ಅಕ್ಕನ ಮಗನಂತೂ ನೇರವಾಗಿ ಕೇಳಿದ: “ಮಾಮಾ, ಈ ಹಳೇ ಗಾಡಿಗೆ ಯಾಕ ರೊಕ್ಕ ಹಾಕಾಕತ್ತೀರಿ? ಎಕ್ಸ್‌ಚೇಂಜಿಗೆ ಕೊಟ್ಟುಬಿಡ್ರಿ.”

“ಕಂತು ನೀ ಕಟ್ಟತಿಯೇನು?” ಅಂದೆ. ನಕ್ಕು, ಶೋರೂಮಿನಿಂದ ಬರೆಸಿಕೊಂಡು ಬಂದಿದ್ದ ಚೀಟಿ ಮುಂದಿಟ್ಟ. ಆನ್ ರೋಡ್ 98 ಸಾವಿರ. ಹಳೇ ಗಾಡಿಗೆ 18 ಕಳೆದು 80 ಸಾವಿರ ಸಾಲ. ಶೇ 11 ಫ್ಲಾಟ್, 36 ತಿಂಗಳು, ಕಂತು 2,956.

ಈ ಫ್ಲಾಟ್ ಎಂಬುದನ್ನು ಒಮ್ಮೆ ಪೂರ್ತಿ ಬಿಡಿಸಿ ನೋಡಬೇಕು. 80 ಸಾವಿರಕ್ಕೆ ಶೇ 11ರಂತೆ ವರ್ಷಕ್ಕೆ 8,800, ಮೂರು ವರ್ಷಕ್ಕೆ 26,400. ಅದನ್ನು ಅಸಲಿಗೆ ಕೂಡಿಸಿ 36ರಿಂದ ಭಾಗಿಸಿದರೆ ಕಂತು ಸಿಗುತ್ತದೆ. ಅಂದರೆ ಪ್ರತಿ ಕಂತಿನಲ್ಲೂ 2,222 ಅಸಲು, 733 ಬಡ್ಡಿ. ಮೊದಲ ತಿಂಗಳು ನಮ್ಮ ಮೇಲೆ 80 ಸಾವಿರ ಇರುತ್ತದೆ, 733 ತೆಗೆದುಕೊಳ್ಳಲಿ. ಹದಿನೆಂಟು ಕಂತು ತೀರಿದ ಮೇಲೆ ಅಸಲು 40 ಸಾವಿರಕ್ಕೆ ಇಳಿದಿರುತ್ತದೆ. ಬಡ್ಡಿ ಮಾತ್ರ ಅದೇ 733. ಲೆಕ್ಕ ಹಾಕಿ, ಅದು ವರ್ಷಕ್ಕೆ ಶೇ 22 ಆಯಿತು. ಕೊನೆಯ ತಿಂಗಳು ಉಳಿದಿರುವುದು ಬರೀ 2,222 ರೂಪಾಯಿ, ಅದಕ್ಕೂ 733! ಒಂದೇ ತಿಂಗಳಿಗೆ ನೂರಕ್ಕೆ ಮೂವತ್ತಮೂರು. ಊರ ಸಾಹುಕಾರ ಈ ದರ ಬಾಯಿಬಿಟ್ಟು ಹೇಳಿದ್ದರೆ ಪಂಚಾಯ್ತಿ ಸೇರಿಸುತ್ತಿದ್ದೆವು. ಇದೇ ಕಂತನ್ನು ಇಳಿಯುವ ಬಾಕಿಯ ಮೇಲಿನ ಬಡ್ಡಿಗೆ ತಿರುಗಿಸಿದರೆ ವರ್ಷಕ್ಕೆ ಶೇ ಹತ್ತೊಂಬತ್ತೂವರೆ ದಾಟುತ್ತದೆ. ಚೀಟಿಯಲ್ಲಿ ಬರೆದದ್ದು ಹನ್ನೊಂದು.

ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಬೇಕು, ಅದರಲ್ಲಿ ಎಪಿಆರ್, ಅಂದರೆ ಖರ್ಚೆಲ್ಲ ಸೇರಿದ ನಿಜವಾದ ವಾರ್ಷಿಕ ದರ, ಕಾಣಿಸಬೇಕು, ಅದೂ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಎಂದು ಕಡ್ಡಾಯ ಮಾಡಿದೆ. ಸಹಿ ಹಾಕುವ ಮೊದಲೇ ಕೇಳಿ ಇಸಿದುಕೊಳ್ಳಿ. ನಮ್ಮವರು ಕೇಳುವುದು ಎರಡೇ ಮಾತು: ಡೌನ್ ಪೇಮೆಂಟ್ ಎಷ್ಟು, ಕಂತು ಎಷ್ಟು. ದರ ಕೇಳುವುದೆಂದರೆ ಏನೋ ಮರ್ಯಾದೆಗೆ ಕಡಿಮೆ! ಸಂತೆಯಲ್ಲಿ ಮೆಣಸಿನಕಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಎಂಬತ್ತು ಸಾವಿರದ ಕಾಗದಕ್ಕೆ ನಿಂತಲ್ಲೇ ಹೆಬ್ಬೆರಳು ಒತ್ತಿ ಬರುತ್ತಾರೆ.

2025ರ ಸೆಪ್ಟೆಂಬರಿನಲ್ಲಿ ಸಣ್ಣ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ನಿಜ. ಅಳಿಯನ ವಾದವೂ ಅದೇ. ಆದರೆ ಬಿಡಿಭಾಗಗಳ ತೆರಿಗೆಯೂ ಆಗಲೇ 18ಕ್ಕೆ ಬಂತು, ಶಾಕಪ್ಪಿನದೂ ಸೇರಿ. ಅದನ್ನು ಶೋರೂಮಿನ ಬ್ಯಾನರಿನಲ್ಲಿ ಯಾರು ಬರೆಸುತ್ತಾರೆ?

ನಮ್ಮ ಕಡೆ ಕಂತಿನ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ದುಡ್ಡು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಕಂತು ಹನ್ನೆರಡು ಸಲ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದದ್ದು ಯಾರಿಗೂ ಮರೆತಿಲ್ಲ. ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಗದ್ದೆ ಖಾಲಿ ಬಿದ್ದರೆ ಬೀಜ, ಗೊಬ್ಬರದ ವ್ಯಾಪಾರ ನಿಲ್ಲುತ್ತದೆ, ಹಮಾಲರಿಗೆ ಚೀಲವಿಲ್ಲ, ಮಿಲ್ಲಿನ ಪಾಳಿ ಕಡಿಮೆ. ಫೈನಾನ್ಸಿನವರ ಪಂಚಾಂಗದಲ್ಲಿ ಮಾತ್ರ ಐದನೇ ತಾರೀಖು ತಪ್ಪುವುದಿಲ್ಲ.

ಆದ್ದರಿಂದ ನನ್ನ ಮೂರು ಸಾವಿರವನ್ನು ಗಾಡಿಯ ಮಾರುಬೆಲೆಗೆ ಹೋಲಿಸುವುದೇ ತಪ್ಪು ಲೆಕ್ಕ. ಹೋಲಿಸಬೇಕಾದದ್ದು ಕಂತಿನ ಜೊತೆ. ಅದಕ್ಕಿಂತ 44 ರೂಪಾಯಿ ಜಾಸ್ತಿ, ಅಷ್ಟೇ. ಆರ್‌ಸಿ 2030ರವರೆಗೆ ಇದೆ. ಅಲ್ಲಿಯವರೆಗೆ ಶಾಕಪ್ ಬಾಳಿದರೆ ತಿಂಗಳಿಗೆ ಅರವತ್ತೆರಡೂವರೆ ರೂಪಾಯಿ ಬೀಳುತ್ತದೆ. ಕಾಲುವೆ ದಂಡೆಯ ರಸ್ತೆಗೆ ಎರಡೇ ವರ್ಷಕ್ಕೆ ಸತ್ತರೂ 125. ಎಂಜಿನ್ ಹೊಗೆಯಾಡುತ್ತಿದ್ದರೆ, ಚಾಸಿ ಬಿರುಕು ಬಿಟ್ಟಿದ್ದರೆ ಬೇರೆ ಮಾತು. ನನ್ನದು ಕುಣಿಯುತ್ತಿತ್ತು, ಅಷ್ಟೇ. ಸೀಟು ಒತ್ತಿ ಬಿಟ್ಟರೆ ಒಮ್ಮೆ ಎದ್ದು ನಿಲ್ಲಬೇಕಾದದ್ದು ಮೂರು ಸಲ ಏಳುತ್ತಿತ್ತು. ಸೋರಿದ ಎಣ್ಣೆಗೆ ರೈಸ್ ಮಿಲ್ಲಿನ ಕರಿಬೂದಿ ಮೆತ್ತಿ ಸ್ಪ್ರಿಂಗಿನ ಒಳಗೆಲ್ಲ ಮೇಣ ಕಟ್ಟಿತ್ತು.

ಹಿಂದಿನ ಜೋಡಿಯನ್ನು ಅಂಗಳದಲ್ಲೇ ಬದಲಿಸಿದೆ. ಅದರಿಂದ ಉಳಿದ ಮಜೂರಿ ಇನ್ನೂರೈವತ್ತು, ದೊಡ್ಡ ಮೊತ್ತವೇನಲ್ಲ. ಆದರೆ ಡಬ್ಬಿ ಒಡೆದದ್ದು ನನ್ನ ಕೈ, ಒಳಗೆ ಕೂತದ್ದು ಯಾವ ಮಾಲು ಎಂದು ನನಗೆ ಗೊತ್ತು. ಹಳೇದಕ್ಕೆ ಬಣ್ಣ ಬಳಿದು “ಗ್ಯಾಸ್ ತುಂಬಿಸಿದ್ದು” ಎಂದು ಎಂಟುನೂರಕ್ಕೆ ಕೊಡುವವರಿದ್ದಾರೆ. ಆ ಗ್ಯಾಸ್ ಬರೀ ಬಾಯಲ್ಲಿ.

ರಾತ್ರಿಯೇ ನಟ್ಟುಗಳಿಗೆ ಡೀಸೆಲ್ ಹಚ್ಚಿಟ್ಟಿದ್ದೆ. ಬೆಳಿಗ್ಗೆ ಮೇನ್ ಸ್ಟ್ಯಾಂಡ್ ಹಾಕಿ ಎಡಗಡೆಯದು ಮೊದಲು. ಒಂದು ಕಡೆ ಪೂರ್ತಿ ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು, ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಸ್ವಿಂಗ್ ಆರ್ಮ್ ಚಕ್ರಸಮೇತ ಜೋತುಬೀಳುತ್ತದೆ, ಆಮೇಲೆ ರಂಧ್ರ ಹೊಂದಿಸಲು ಇನ್ನೊಬ್ಬರನ್ನು ಕರೆಯಬೇಕು. ಬಲಗಡೆ ಸೈಲೆನ್ಸರಿನ ಬೋಲ್ಟು ಸಡಿಲಿಸದೆ ಕೆಳಗಿನ ನಟ್ಟಿಗೆ ಪಾನಾ ಹೋಗಲಿಲ್ಲ. ಬುಷ್ ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಕಟ್ಟಿಗೆ ತುಂಡು ಅಡ್ಡಹಿಡಿದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹೊರಬಂತು. ಮುಂದಿನ ಫೋರ್ಕಿಗೆ ಮಾತ್ರ ನಾನು ಹೋಗಲಿಲ್ಲ. ಸೀಲು ಸೊಟ್ಟಗೆ ಕೂತರೆ ಮರುವಾರವೇ ಸೋರುತ್ತದೆ, ಅದು ಮಿಸ್ತ್ರಿಯ ಕೆಲಸ.

ಸ್ಪ್ರಿಂಗನ್ನು ಎರಡನೇ ಹಲ್ಲಿಗಿಟ್ಟಿದ್ದೇನೆ. ನಲವತ್ತೈದು ಕಿಲೋದ ಯೂರಿಯಾ ಚೀಲ ಹೇರುವ ದಿನ ನಾಲ್ಕಕ್ಕೆ ಏರಿಸಿದರಾಯಿತು. ಚೈನ್ ಸ್ಪ್ರಾಕೆಟ್ಟಿಗೂ ಕಾಲ ಹತ್ತಿರ ಬಂದಿದೆ, ಹಲ್ಲು ಚೂಪಾಗಿವೆ. ಅದಕ್ಕೆಂದು ತಿಂಗಳಿಗೆ ಇನ್ನೂರು ಎತ್ತಿಡುತ್ತಿದ್ದೇನೆ. ಅಳಿಯ ಹೊಸ ಚೀಟಿ ತರುವಷ್ಟರಲ್ಲಿ ಸೆಟ್ಟಿನ ದುಡ್ಡು ಕೂಡಿರುತ್ತದೆ.