ಚಿಂದಿಯ ಗೊಂಬೆಗೆ ಬಟ್ಟೆ ಹೊಲಿಯುವ ಪಾಠ

ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಿತಂದೆಗಳಿಗೂ ವಿಶೇಷವಾಗಿ ಅಜ್ಜಿಯರಿಗೂ ಈ ಪಾಠವನ್ನು ಬರೆಯುತ್ತೇವೆ. ಇದಕ್ಕೆ ಹಣ ಬೇಕಾಗಿಲ್ಲ. ಒಂದು ಸೂಜಿ, ಒಂದು ಉಂಡೆ ನೂಲು, ಹರಿದ ಧೋತರದ ಒಂದು ತುಂಡು ಇದ್ದರೆ ಸಾಕು. ಕುಂಚಾವರಂ ಸುತ್ತಲಿನ ಊರುಗಳಲ್ಲಾಗಲಿ ತಾಂಡಾಗಳಲ್ಲಾಗಲಿ ಇಂಥ ತುಂಡಿಲ್ಲದ ಮನೆಯನ್ನು ನಾವು ಈ ವರೆಗೆ ಕಾಣಲಿಲ್ಲ.

ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಗೊಂಬೆಯನ್ನು ನೀವೆಲ್ಲರೂ ಬಲ್ಲಿರಿ. ಅದರ ಅಂಗಿಯು ಅನೇಕ ವೇಳೆ ಅಂಟಿನಿಂದ ಹತ್ತಿಸಲ್ಪಟ್ಟಿರುತ್ತದೆ. ಬಿಚ್ಚಲಿಕ್ಕೆ ಬಾರದು, ಬಿಚ್ಚಿದರೆ ತಿರಿಗಿ ತೊಡಿಸಲಿಕ್ಕೆ ಬಾರದು. ನಾಲ್ಕು ದಿವಸಗಳಲ್ಲಿ ಕೈಯೊಂದು ಕಳಚಿ ಬೀಳುವದು, ಆ ಮೇಲೆ ಅದು ತಿಪ್ಪೆಗೆ ಹೋಗುವದು. ಅದನ್ನು ಕೊಂಡವರನ್ನು ನಾವು ಹಳಿಯುವದಿಲ್ಲ. ನಾವೂ ನಮ್ಮ ಮಕ್ಕಳಿಗೆ ಕೊಂಡುಕೊಟ್ಟವರೇ. ಆದರೆ ಅದರ ಸಂಗಡ ಮಗುವಿಗೆ ಮಾಡಲಿಕ್ಕೆ ಏನೂ ಉಳಿದಿಲ್ಲ. ಚಿಂದಿಯ ಗೊಂಬೆಯಾದರೋ ಬತ್ತಲೆಯಾಗಿ ಹುಟ್ಟುತ್ತದೆ. ಅದಕ್ಕೆ ಬಟ್ಟೆ ಬೇಕು, ಬಟ್ಟೆಗೆ ಅಳತೆ ಬೇಕು, ಅಳತೆಗೆ ಲೆಕ್ಕ ಬೇಕು. ಹೀಗೆ ಆಡುತ್ತಾ ಆಡುತ್ತಾ ಮಗುವು ದರ್ಜಿಯ ವಿದ್ಯೆಯ ಬಾಗಲಿಗೆ ಬಂದು ನಿಲ್ಲುತ್ತದೆ.

ಸಭೆಯ ಹಿರಿಯರೊಬ್ಬರು ನಮ್ಮನ್ನು, ಅಯ್ಯನವರೇ, ವಿಗ್ರಹಗಳನ್ನು ಬಿಟ್ಟುಬಂದವರ ಮನೆಯಲ್ಲಿ ಗೊಂಬೆಯನ್ನು ಮಾಡುವದು ಸರಿಯೋ ಎಂದು ಕೇಳಿದರು. ಅವರ ಸಂದೇಹವು ಪ್ರಾಮಾಣಿಕವಾದದ್ದೇ. ನಾವು ಅವರನ್ನು ಕರಕೊಂಡು ಹೋಗಿ ಅವರ ಮೊಮ್ಮಗಳು ಆಡುವದನ್ನು ತೋರಿಸಿದೆವು. ಅವಳು ಗೊಂಬೆಯ ಮೂಗನ್ನು ಒರಸುತ್ತಿದ್ದಳು, ಗದರಿಸುತ್ತಿದ್ದಳು, ಉಣ್ಣದ್ದಕ್ಕೆ ಬೆನ್ನ ಮೇಲೆ ಒಂದು ಪೆಟ್ಟನ್ನೂ ಕೊಟ್ಟಳು. ಹಿರಿಯರು ನಕ್ಕು ಹೊರಟುಹೋದರು.

ಚಿಂದಿಯ ಗೊಂಬೆ ಬಡವರ ಹೊಸ ಉಪಾಯವೆಂದು ಎಣಿಸಬೇಡಿರಿ. ಲಂಡನ್ ಪಟ್ಟಣದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಐಗುಪ್ತದಿಂದ ಬಂದ ಒಂದು ಬಟ್ಟೆಯ ಗೊಂಬೆಯುಂಟು. ರೋಮಾಯರು ಆ ದೇಶವನ್ನು ಆಳುತ್ತಿದ್ದ ಕಾಲದ್ದು. ಒರಟಾದ ನಾರುಮಡಿಯಲ್ಲಿ ಚಿಂದಿಯನ್ನೂ ಪಪೈರಸ್ ಎಂಬ ಜೊಂಡಿನ ಹಾಳೆಯ ಚೂರುಗಳನ್ನೂ ತುಂಬಿ ಮಾಡಿದ್ದು. ರಾಜರ ಅರಮನೆಗಳು ಬಿದ್ದುಹೋದವು, ಯಾರೋ ಒಂದು ಮಗುವಿನ ಚಿಂದಿಯ ಗಂಟು ಮಾತ್ರ ಒಣ ಮರಳಿನಲ್ಲಿ ಉಳಿಯಿತು.

ಈಗ ಕೆಲಸಕ್ಕೆ ಬರುವ. ಹಳೆಯ ಧೋತರದಲ್ಲಿ 12 ಅಂಗುಲದ ಚೌಕವೊಂದನ್ನು ಕತ್ತರಿಸತಕ್ಕದ್ದು. ದೊಡ್ಡ ಲಿಂಬೆಹಣ್ಣಿನಷ್ಟು ಹತ್ತಿಯನ್ನಾಗಲಿ ಚಿಂದಿಯನ್ನಾಗಲಿ ಉಂಡೆ ಮಾಡಿ ಚೌಕದ ನಡುವೆ ಇಟ್ಟು, ಬಟ್ಟೆಯನ್ನು ಕೆಳಕ್ಕೆ ಕೂಡಿಸಿ ಕೊರಳಿನಲ್ಲಿ ನೂಲಿನಿಂದ ಬಿಗಿಯಾಗಿ ಕಟ್ಟತಕ್ಕದ್ದು. ಇದು ತಲೆ. 8 ಅಂಗುಲ ಉದ್ದ, 3 ಅಂಗುಲ ಅಗಲದ ಇನ್ನೊಂದು ತುಂಡನ್ನು ಉದ್ದಕ್ಕೆ ಸುರುಳಿ ಸುತ್ತಿ ಎರಡು ಕೊನೆಗಳನ್ನೂ ಕಟ್ಟಿದರೆ ಕೈಗಳಾದವು. ಅದನ್ನು ಕೊರಳಿನ ಕೆಳಗೆ ಅಡ್ಡವಾಗಿ ತೂರಿಸಿ, ಎದೆಯ ಮೇಲೆ ಜನಿವಾರದಂತೆ ಆ ಕಡೆಯಿಂದಲೂ ಈ ಕಡೆಯಿಂದಲೂ ನೂಲು ಹಾಯಿಸಿ ಕಟ್ಟಬೇಕು. ಹೊಟ್ಟೆಗೆ ಸ್ವಲ್ಪ ಚಿಂದಿಯನ್ನು ತುರುಕಿ ನಡುವನ್ನು ಕಟ್ಟಿದರೆ ಗೊಂಬೆಯು ಸಿದ್ಧ. ಕಾಲುಗಳ ಚಿಂತೆ ಬೇಡ, ಪರಕಾರವು ಮುಚ್ಚುವದು. ಕಣ್ಣುಬಾಯಿಗಳನ್ನು ಮಗುವೇ ಇದ್ದಲಿಯಿಂದ ಬರೆಯಲಿ. ಹುಬ್ಬು ಸೊಟ್ಟಗಾದರೆ ಸೊಟ್ಟಗಾಗಲಿ.

ಮೊದಲು ಹೊಲಿಯತಕ್ಕದ್ದು ಅಂಗಿಯನ್ನಲ್ಲ, ಕೌದಿಯನ್ನು. ನಮ್ಮ ಕಡೆಯ ತಾಯಂದಿರಿಗೆ ಇದನ್ನು ಕಲಿಸಬೇಕಾದದ್ದಿಲ್ಲ. ಹಳೆಯ ಸೀರೆಯ ಮೂರು ಪದರುಗಳನ್ನು ಅಂಗೈ ಅಗಲಕ್ಕೆ ಕತ್ತರಿಸಿ ಒಂದರ ಮೇಲೊಂದು ಇಟ್ಟು, ಅಂಚಿನಿಂದ ಆರಂಭಿಸಿ ಸಾಲು ಸಾಲಾಗಿ ಒಳಕ್ಕೆ ಹೊಲಿಯುತ್ತಾ ಬರಬೇಕು. ದೊಡ್ಡ ಕೌದಿಯಲ್ಲಿ ಅಜ್ಜಿ ಮಾಡುವದೇ ಇಲ್ಲಿ ಚಿಕ್ಕದಾಯಿತು. ಇದರಲ್ಲಿ ಅಳತೆಯ ತೊಡಕಿಲ್ಲ, ಆದಕಾರಣ ಮಗುವಿನ ಮನಸ್ಸೆಲ್ಲಾ ಹೊಲಿಗೆಯ ಮೇಲೆಯೇ ಇರುವದು. ಹೊಲಿಗೆಯು ಜೋಳದ ಕಾಳಿನಷ್ಟು ಉದ್ದವಿರಲಿ ಎಂದು ಹೇಳಿದರೆ ತಿಳಿಯುತ್ತದೆ. ಇಷ್ಟು ಮಿಲಿಮೀಟರು ಎಂದರೆ ತಿಳಿಯುವದಿಲ್ಲ.

ಎರಡನೆಯದು ಪರಕಾರ. ಗೊಂಬೆಯ ನಡುವು 5 ಅಂಗುಲ ಸುತ್ತಳತೆಯಿದ್ದರೆ ಅದರ ಮೂರರಷ್ಟು, ಅಂದರೆ 15 ಅಂಗುಲ ಬಟ್ಟೆ ಬೇಕು. ನಿರಿಗೆಗಳು ಹುಟ್ಟುವದು ಈ ಹೆಚ್ಚಿನಿಂದಲೇ. ಉದ್ದ 4 ಅಂಗುಲ, ಮೇಲಿನ ಮಡಿಕೆಗೂ ಕೆಳಗಿನ ಮಡಿಕೆಗೂ ಅರ್ಧರ್ಧ ಅಂಗುಲ, ಹೀಗೆ 5 ಅಂಗುಲ. ಮೊದಲು ಕೆಳಗಿನ ಅಂಚನ್ನು ಮಡಿಸಿ ಹೊಲಿದು, ಆ ಮೇಲೆ ಮೇಲಿನದನ್ನು ಲಾಡಿ ಹಾಯುವಂತೆ ನೇಫೆಯಾಗಿ ಹೊಲಿದು, ಕಡೆಗೆ ಎರಡು ಬದಿಗಳನ್ನೂ ಕೂಡಿಸಬೇಕು. ಕೆಲವರು ಮೊದಲೇ ಬದಿಗಳನ್ನು ಕೂಡಿಸುವರು. ಆಗ ಆ ಚಿಕ್ಕ ಕೊಳವೆಯೊಳಗೆ ಮಗುವಿನ ಬೆರಳು ಹೋಗದೆ ಅಳುವು ಆರಂಭವಾಗುತ್ತದೆ. ಬದಿ ಕೂಡಿಸುವಾಗ ನೇಫೆಯ ಬಾಯನ್ನು ಮುಚ್ಚಬಾರದು, ಮುಚ್ಚಿದರೆ ಲಾಡಿಗೆ ದಾರಿಯಿಲ್ಲ.

ಮೂರನೆಯದಾದ ಕುಬಸದಲ್ಲಿ ನಿಜವಾದ ವಿದ್ಯೆಯು ಅಡಗಿದೆ. ಇಲ್ಲಿ ದೊಡ್ಡವರು ತಾಳ್ಮೆಯಿಂದ ಇರಬೇಕು. ಮಗುವು ಗೊಂಬೆಯ ಎದೆಗೆ ನೂಲು ಸುತ್ತಿ ಅಳೆಯುತ್ತದೆ, 5 ಅಂಗುಲವಾಗುತ್ತದೆ. ಸರಿಯಾಗಿ 5 ಅಂಗುಲವನ್ನೇ ಕತ್ತರಿಸುತ್ತದೆ. ಹೊಲಿದು ತೊಡಿಸಲು ಹೋದರೆ ಕುಬಸವು ಕೂಡುವದಿಲ್ಲ. ಬಟ್ಟೆ ಎಲ್ಲಿ ಹೋಯಿತು ಎಂದು ನಿಮ್ಮ ಮುಖವನ್ನು ನೋಡುತ್ತದೆ. ಎರಡು ಅಂಚುಗಳಲ್ಲಿ ಅರ್ಧರ್ಧ ಅಂಗುಲವನ್ನು ಹೊಲಿಗೆಯು ತಿಂದಿತು! ಇದನ್ನು ಮೊದಲೇ ಹೇಳಿಕೊಟ್ಟರೆ ಮಗುವು ಮರೆಯುವದು. ಚಿಂದಿಯ ಮೇಲೆ ಒಂದು ಸಾರಿ ತಾನೇ ಕೆಡಿಸಿದರೆ ಮುದುಕಿಯಾಗುವ ತನಕ ಮರೆಯದು. ಹೊಲಿಗೆಯ ಪಾಲು ಒಂದು ಅಂಗುಲ, ಗೊಂಬೆಯು ಉಸಿರಾಡಲಿಕ್ಕೆ ಒಂದು ಅಂಗುಲ ಎಂದು ನಾವು ಕಲಿಸುತ್ತೇವೆ.

ಸುಲಭವಾದ ಕುಬಸವು ಹೇಗಂದರೆ, 8 ಅಂಗುಲ ಅಗಲ, 6 ಅಂಗುಲ ಉದ್ದದ ತುಂಡನ್ನು ಹೆಗಲಿನ ಕಡೆಗೆ ಮಡಿಕೆ ಬರುವಂತೆ 3 ಅಂಗುಲಕ್ಕೆ ಮಡಚಿರಿ. ಕೆಳಗಿನ ಎರಡು ಮೂಲೆಗಳಿಂದ 2 ಅಂಗುಲ ಅಗಲ, 1 ಅಂಗುಲ ಎತ್ತರದ ತುಂಡುಗಳನ್ನು ತೆಗೆದುಹಾಕಿರಿ. ಉಳಿದದ್ದು ತೋಳುಗಳುಳ್ಳ ಕುಬಸ. ಒಳಮಗ್ಗುಲನ್ನು ಹೊರಗೆ ಮಾಡಿ ತೋಳಿನ ಕೆಳಗೂ ಬದಿಗೂ ಹೊಲಿದು, ಕಂಕುಳಿನ ಮೂಲೆಯಲ್ಲಿ ಹೊಲಿಗೆಗೆ ತಾಗದಂತೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಕೊಡಬೇಕು. ಈ ಕಚ್ಚನ್ನು ಮರೆತರೆ ತಿರುವಿದಾಗ ಬಟ್ಟೆಯು ಕಂಕುಳಿನಲ್ಲಿ ಎಳಕೊಳ್ಳುತ್ತದೆ. ಇನ್ನು ಕೊರಳು. ಮಗುವು ಗೊಂಬೆಯ ಕೊರಳಿಗೆ ತಕ್ಕಂತೆ ತೂತನ್ನು ಕತ್ತರಿಸುವದು, ಆದರೆ ತಲೆಯು ಅದರಲ್ಲಿ ತೂರದು. ತೂತನ್ನು ದೊಡ್ಡದು ಮಾಡಿದರೆ ಕುಬಸವು ಹೆಗಲಿನಿಂದ ಜಾರಿಬೀಳುವದು. ಹಾಗಾದರೆ ಏನು ಮಾಡೋಣ? ಕೇಳಿ ಸುಮ್ಮನಿರಿ. ಸ್ವಲ್ಪ ಹೊತ್ತು ಯೋಚಿಸಿ ತನ್ನ ಸ್ವಂತ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುವ ಮಗುವನ್ನು ನಾವು ಎಷ್ಟೋ ಸಾರಿ ಕಂಡಿದ್ದೇವೆ. ಅಂಗಿಗೆ ಸೀಳು ಯಾಕೆ, ಗುಂಡಿ ಯಾಕೆ ಎಂಬದು ಆಗ ಅದಕ್ಕೆ ತಿಳಿಯುತ್ತದೆ. ಬೆನ್ನಿನಲ್ಲಿ ಸೀಳು ಬಿಟ್ಟು ಒಂದು ನೂಲಿನ ಕುಣಿಕೆ, ಒಂದು ಹಳೆಯ ಗುಂಡಿ ಇಟ್ಟರೆ ಆಯಿತು.

ನಾವು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಬೇಕು. ಮೊದಲನೆಯ ವರುಷ ಕೆಲಸವು ಬೇಗ ಮುಗಿಯಲೆಂದು ರಾತ್ರಿಯೆಲ್ಲಾ ಕೂತು ಹದಿನಾಲ್ಕು ಪರಕಾರಗಳನ್ನೂ ಹದಿನಾಲ್ಕು ಕುಬಸಗಳನ್ನೂ ನಾವೇ ಕತ್ತರಿಸಿಟ್ಟೆವು, ಸೊಟ್ಟ ಹೊಲಿಗೆಗಳನ್ನು ಬಿಚ್ಚಿ ನಾವೇ ತಿದ್ದಿದೆವು. ಗೊಂಬೆಗಳು ಬಹಳ ಚಂದವಾದವು, ಎಲ್ಲವೂ ಒಂದೇ ತರ. ಮನೆಗೆ ಹೋಗುವಾಗ ಒಬ್ಬ ಹುಡುಗಿಯು ತನ್ನದನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟಳು. ಕರೆದು ಕೇಳಿದ್ದಕ್ಕೆ, "ಅದು ನಿಮ್ಮ ಗೊಂಬಿರಿ, ನಂದಲ್ಲ" ಅಂದಳು. ಅಂದಿನಿಂದ ಕತ್ತರಿಯನ್ನು ಮಕ್ಕಳ ಕೈಯಲ್ಲಿ ಕೊಡುತ್ತೇವೆ.

ಬಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಚಿಂಚೋಳಿಯ ಪೇಟೆಯಲ್ಲಿ ದರ್ಜಿಗಳ ಅಂಗಡಿಯ ಮುಂದೆ ಬೀಳುವ ತುಂಡುಗಳನ್ನು ಕೇಳಿದರೆ ಧಾರಾಳವಾಗಿ ಕೊಡುವರು. ಅವುಗಳಲ್ಲಿ ಹತ್ತಿಯವನ್ನೇ ಆರಿಸಿಕೊಳ್ಳಿರಿ. ಜಾರುವ ಪಾಲಿಯೆಸ್ಟರು ಮಗುವಿನ ಕೈಯಲ್ಲಿ ನಿಲ್ಲದು, ಅಂಚಿನ ಎಳೆಗಳೂ ಬಿಚ್ಚುತ್ತಾ ಹೋಗುವವು. ಆದರೆ ತಾಂಡಾದ ಅಜ್ಜಿಯರ ಪೆಟ್ಟಿಗೆಯಲ್ಲಿರುವ ಹಳೆಯ ಪೇಟಿಯಾವನ್ನೂ ಕಾಂಚಳಿಯನ್ನೂ ಗೊಂಬೆಗಾಗಿ ಎಂದಿಗೂ ಕತ್ತರಿಸಬೇಡಿರಿ. ಸೊಸೆಯಂದಿರು ಸೀರೆಯನ್ನೂ ಮೊಮ್ಮಕ್ಕಳು ರೆಡಿಮೇಡ್ ಅಂಗಿಗಳನ್ನೂ ತೊಡುವ ಈ ಕಾಲದಲ್ಲಿ ಕನ್ನಡಿ ಕವಡೆಗಳ ಆ ಉಡುಪು ಕೆಲಸಕ್ಕೆ ಬಾರದ್ದೆಂದು ಕೆಲವರಿಗೆ ತೋರುತ್ತದೆ. ಅದು ಹಾಗಲ್ಲ. ಸಂಡೂರಿನಲ್ಲಿ ಲಂಬಾಣಿ ಸ್ತ್ರೀಯರು ಇದೇ ಕಸೂತಿಯಿಂದ ಜೀವನ ಮಾಡುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. 2023ನೆಯ ಇಸವಿಯ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-20 ರಾಜ್ಯಗಳ ಕೂಟವು ಸೇರಿದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಸ್ತ್ರೀಯರು ಹೊಲಿದ 1,755 ವಸ್ತುಗಳನ್ನು ಅಲ್ಲಿ ಇಟ್ಟರು. ಅದು ಗಿನ್ನೆಸ್ ದಾಖಲೆಯಲ್ಲಿ ಬರೆಯಲ್ಪಟ್ಟಿತು. ಹೀಗಿರಲಾಗಿ ಅಜ್ಜಿಯ ಪೇಟಿಯಾವನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕಿ, ಮೊಮ್ಮಗಳನ್ನು ಹತ್ತಿರ ಕೂರಿಸಿ, ಈ ಹೊಲಿಗೆ ಹೇಗೆ ಹೋಗಿದೆ ನೋಡು ಎಂದು ತೋರಿಸಿರಿ. ಗೊಂಬೆಯ ಪರಕಾರದ ಅಂಚಿಗೆ ಅವಳು ಅದರಲ್ಲಿ ಒಂದು ಸಾಲನ್ನು ಎತ್ತಿಕೊಂಡರೂ ಸಾಕು. ಅಜ್ಜಿಯು ತೀರಿಹೋದ ಮೇಲೆ ಆ ಹೊಲಿಗೆಯನ್ನು ಯಾರನ್ನು ಕೇಳುವಿರಿ?

ಅಜ್ಜಿಯರ ಹೆಸರನ್ನು ನಾವು ಮೇಲಿಂದ ಮೇಲೆ ಎತ್ತುವದಕ್ಕೆ ಕಾರಣವುಂಟು. ನಮ್ಮ ಕಡೆಯಿಂದ ಪ್ರತಿವರುಷ ಅನೇಕರು ದುಡಿಮೆಗಾಗಿ ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುತ್ತಾರೆ, ಮಕ್ಕಳು ಮುದುಕರ ಬಳಿಯಲ್ಲಿ ಉಳಿಯುತ್ತಾರೆ. ಕಳೆದ ವರುಷ ಒಬ್ಬ ಚಿಕ್ಕ ಹುಡುಗಿಯು ಗೊಂಬೆಯ ಬಟ್ಟೆಗೆಂದು ಹಸುರು ಕುಬಸದ ಹರಿದ ತೋಳೊಂದನ್ನು ತಂದಳು. ನಾವು ಅದನ್ನು ತೊಳೆದು ಕೊಡುತ್ತೇವೆಂದು ಕೈ ಚಾಚಿದಾಗ ಹಿಂದಕ್ಕೆ ಎಳಕೊಂಡು, "ತೊಳೀಬ್ಯಾಡ್ರಿ, ಅವ್ವನ ವಾಸನಿ ಹೋಗ್ತದ" ಅಂದಳು. ನಾವು ತೊಳೆಯಲಿಲ್ಲ. ಅವಳು ಅದರಿಂದ ಪರಕಾರವನ್ನು ಮಾಡಿದಳು. ಬಟ್ಟೆ ಸಾಲದ್ದರಿಂದ ನಿರಿಗೆಗಳು ಕಡಿಮೆಯಾದವು, ಅವಳಿಗೆ ಅದರ ಚಿಂತೆಯಿರಲಿಲ್ಲ. ದೂರ ಹೋಗುವ ತಾಯಂದಿರಿಗೆ ನಮ್ಮ ವಿಜ್ಞಾಪನೆಯೇನಂದರೆ, ಹೊರಡುವ ಮುಂಚೆ ನೀವು ಉಟ್ಟ ಹಳೆಯ ಬಟ್ಟೆಯಿಂದ ಒಂದು ಗೊಂಬೆಯನ್ನು ಮಗುವಿನ ಸಂಗಡ ಕೂತು ಮಾಡಿಟ್ಟು ಹೋಗಿರಿ. ಬಟ್ಟೆಗಳನ್ನು ಹೊಲಿಯುವದು ಉಳಿದಿರಲಿ. ನೀವು ಫೋನು ಮಾಡಿದಾಗ ಏನು ಹೊಲಿದೆ ಎಂದು ಕೇಳಲಿಕ್ಕೆ ಒಂದು ಮಾತಾಗುವದು.

ಗೊಂಬೆಯ ಕೈಯಲ್ಲಿ ಪ್ರೀತಿಯನ್ನು ದೂರಕ್ಕೆ ಕಳುಹಿಸಿದವರು ಬೇರೆ ದೇಶಗಳಲ್ಲಿಯೂ ಇದ್ದರು. 1924ರಲ್ಲಿ ಅಮೇರಿಕೆಯವರು ಜಪಾನಿನವರು ತಮ್ಮಲ್ಲಿ ಬಂದು ನೆಲಸದಂತೆ ಕಾನೂನು ಮಾಡಿದ್ದರಿಂದ ಎರಡು ಜನಾಂಗಗಳ ನಡುವೆ ಕಹಿಯು ಹುಟ್ಟಿತು. ಜಪಾನಿನಲ್ಲಿ ಬಹುಕಾಲ ಮಿಷನರಿಯಾಗಿದ್ದ ಸಿಡ್ನಿ ಗ್ಯೂಲಿಕ್ ಎಂಬವರು ಇದಕ್ಕಾಗಿ ನೊಂದು, 1927ರಲ್ಲಿ ಅಮೇರಿಕೆಯ ಮಕ್ಕಳಿಂದ ಜಪಾನಿನ ಶಾಲೆಗಳಿಗೆ 12,000ಕ್ಕಿಂತ ಹೆಚ್ಚು ಗೊಂಬೆಗಳನ್ನು ಕಳುಹಿಸುವ ಹಾಗೆ ಮಾಡಿದರು. ಗೊಂಬೆಗಳು ಕೊಂಡವುಗಳು, ಆದರೆ ಅನೇಕವುಗಳ ಬಟ್ಟೆಗಳನ್ನು ಹುಡುಗಿಯರೂ ತಾಯಂದಿರೂ ಹೊಲಿದರು. ಜಪಾನಿನ ಮಕ್ಕಳು ಪ್ರತಿಯಾಗಿ 58 ದೊಡ್ಡ ಗೊಂಬೆಗಳನ್ನು ಕಳುಹಿಸಿದರು. ಮುಂದೆ ಯುದ್ಧ ಬಂದಾಗ ಶತ್ರುವಿನ ಗೊಂಬೆಗಳೆಂದು ಅನೇಕವು ಸುಡಲ್ಪಟ್ಟವು. ಆದರೂ ಕೆಲವು ಉಪಾಧ್ಯಾಯರು ತಮ್ಮ ಶಾಲೆಯ ಗೊಂಬೆಯನ್ನು ಅಡಗಿಸಿಟ್ಟು ಉಳಿಸಿದರು.

ಸೂಜಿ ಹಿಡಿಯಲಾರದ ಚಿಕ್ಕವರಿಗೆ ಮುತ್ತಲ ಎಲೆಗಳನ್ನು ಕೊಡಿರಿ. ನಮ್ಮ ಅಡವಿಯಲ್ಲಿ ಅವುಗಳಿಗೆ ಕೊರತೆಯಿಲ್ಲ. ಪತ್ರೋಳಿಯನ್ನು ಚುಚ್ಚುವಂತೆ ಸಣ್ಣ ಕಡ್ಡಿಗಳಿಂದ ಎಲೆಗಳನ್ನು ಕೂಡಿಸಿ ಗೊಂಬೆಗೆ ಗೊಂಗಡಿಯನ್ನು ಮಾಡುವರು. ಸಾಯಂಕಾಲಕ್ಕೆ ಅದು ಬಾಡಿದರೂ ಮರುದಿನ ಹೊಸದು. ಜೋಳದ ದಂಟಿನ ಬಂಡಿಯನ್ನು ಕಲಿಸುವ ಅವಶ್ಯವಿಲ್ಲ, ಅದರಲ್ಲಿ ಹುಡುಗರೇ ನಮಗೆ ಗುರುಗಳು. ಆದರೆ ಹೊಲಿಗೆಯು ಹೆಣ್ಣು ಮಕ್ಕಳ ಕೆಲಸವೆಂದು ಹುಡುಗರು ದೂರ ನಿಂತರೆ, ಚಿಂಚೋಳಿಯ ದರ್ಜಿಯು ಗಂಡಸೋ ಹೆಂಗಸೋ ಎಂದು ಕೇಳಿರಿ. ಬಂಡಿ ಹೊಡೆಯುವವನಿಗೆ ಧೋತರವೂ ರುಮಾಲೂ ಬೇಡವೋ? ನಮ್ಮಲ್ಲಿ ಅತಿ ಸಣ್ಣ ಹೊಲಿಗೆ ಹಾಕುವವನು ಒಬ್ಬ ಹುಡುಗನೇ.

ಕೆಲಸಕ್ಕೆ ಕೂರುವಾಗ ಸೂಜಿಗಳನ್ನು ಎಣಿಸಿ ಕೊಟ್ಟು, ಏಳುವಾಗ ಎಣಿಸಿ ಡಬ್ಬಿಗೆ ಹಾಕಿರಿ. ಒಂದು ಕಡಿಮೆಯಾದರೆ ಅದು ಸಿಕ್ಕುವ ತನಕ ಯಾರೂ ಚಾಪೆಯ ಮೇಲೆ ಬರಿಗಾಲಲ್ಲಿ ನಡೆಯಬಾರದು. ಅಯಸ್ಕಾಂತದ ಚೂರೊಂದನ್ನು ನೂಲಿಗೆ ಕಟ್ಟಿ ಚಾಪೆಯ ಮೇಲೆ ಎಳೆದರೆ ಬೇಗ ಸಿಕ್ಕುವದು. ಕತ್ತರಿಸಿ ಉಳಿದ ಚೂರುಗಳನ್ನು ಒಂದು ಚೀಲದಲ್ಲಿ ಕೂಡಿಸಿಡಿರಿ, ಮುಂದಿನ ಗೊಂಬೆಯ ಹೊಟ್ಟೆಗೆ ಬೇಕಾಗುವವು.